ಅಕ್ಕೋರ ಅಂಗಳ: ‘ನೀ ಮಾಡ್ತಿ’ ಅಂದರೆ ಸಾಕಾ?

ಹೋದ ಸಂಚಿಕೆಯಲ್ಲಿ ಮನೆಯವರ ನಂಬಿಕೆ ಮಕ್ಕಳಿಗೆ ಎಷ್ಟು ಬಲ ಕೊಡುತ್ತದೆ ಅಂತ ನಾಲ್ಕು ಸಾಲು ಬರೆದಿದ್ದೆ. ಈ ಸಲ ಬಂದ ಕಾಗದಗಳಲ್ಲಿ ಅದರ ಮಾತೇ ಜಾಸ್ತಿ. ಕೆಲವರು ‘ಖರೇ ಅದ ಅಕ್ಕೋರೆ’ ಅಂದಿದ್ದಾರೆ. ಕೆಲವರು ಜಗಳಕ್ಕೇ ಬಂದಿದ್ದಾರೆ. ಜಗಳದ ಕಾಗದಗಳನ್ನೇ ಆರಿಸಿಕೊಂಡಿದ್ದೇನೆ, ಅವುಗಳಲ್ಲೇ ಸತ್ವ ಇರೋದು. ಹೊಸ ಓದುಗರಿಗೆ ಒಂದು ಮಾತು: ನಾನು ಕಲಬುರಗಿ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿಯಾದವಳು. ನಮ್ಮ ಕಡೆ ಮೇಡಂಗೆ ಅಕ್ಕೋರು ಅಂತಾರೆ. ಡಾಕ್ಟರ್ ಅಲ್ಲ. ಸ್ವಲ್ಪ ಓದುವ ಚಟ ಇದೆ, ಅಷ್ಟೇ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಗಣಿತದಲ್ಲಿ ಬಹಳ ಹಿಂದೆ. ‘ಇವನ ತಲ್ಯಾಗ ಲೆಕ್ಕ ಹತ್ತಂಗಿಲ್ಲ’ ಅಂತ ಅವನ ಕಾಕಾ, ಮುತ್ಯಾ ಅವನ ಮುಂದೆಯೇ ಅನ್ನುತ್ತಾರೆ. ನಿಮ್ಮ ಬರಹ ಓದಿದ ಮೇಲೆ ನಾನು ದಿನಾ ‘ನೀ ಭಾಳ ಶಾಣ್ಯಾ ಇದ್ದಿ, ನಿನ್ಗ ಎಲ್ಲಾ ಬರ್ತದ’ ಅನ್ನುತ್ತಾ ಬಂದೆ. ಟೆಸ್ಟಿನಲ್ಲಿ ಏನೂ ಬದಲಾಗಲಿಲ್ಲ. ಮೊನ್ನೆ ‘ಸುಮ್ನ ಹೇಳಬ್ಯಾಡವ್ವಾ, ನನ್ಗ ಗೊತ್ತದ’ ಅಂತ ಊಟ ಬಿಟ್ಟು ಎದ್ದು ಹೋದ. ನಮ್ಮದು ಸಣ್ಣ ಕಿರಾಣಿ ಅಂಗಡಿ. ಸಂಜೆ ಅವನೇ ಕೂರುತ್ತಾನೆ. ಅಲ್ಲಿ ಮಾತ್ರ ಒಂದು ರೂಪಾಯಿ ತಪ್ಪುವುದಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಜೇವರ್ಗಿ ತಾಲ್ಲೂಕು

ಉತ್ತರ: ತಂಗೀ, ನಿಮ್ಮ ಮಗ ಹೇಳಿದ್ದು ಸರಿಯಾಗಿದೆ. ಅವನಿಗೆ ಗೊತ್ತು. ಬೆಳಗ್ಗೆ ನೀವು ಶಾಣ್ಯಾ ಅನ್ನುತ್ತೀರಿ, ಮಧ್ಯಾಹ್ನ ಟೆಸ್ಟಿನ ಪೇಪರ್ ಇನ್ನೊಂದು ಹೇಳುತ್ತದೆ. ಅವನು ಯಾವುದನ್ನು ನಂಬಬೇಕು? ಕೆಂಪು ಶಾಯಿಯಲ್ಲಿ ಬರೆದದ್ದನ್ನೇ ಅಲ್ವಾ.

ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಇದನ್ನೇ ವಿವರವಾಗಿ ಬರೆದರು. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಅಂತ ಅವರು ನಾಲ್ಕು ದಾರಿ ಹೇಳಿದರು. ತಾನೇ ಮಾಡಿ ಗೆದ್ದದ್ದು. ತನ್ನಂಥವನೇ ಒಬ್ಬ ಮಾಡಿದ್ದನ್ನು ಕಣ್ಣಾರೆ ಕಂಡದ್ದು. ಬೇರೆಯವರು ಹೇಳಿದ ಧೈರ್ಯದ ಮಾತು. ಮತ್ತೆ ಆ ಹೊತ್ತಿನಲ್ಲಿ ಮೈ ಮನಸ್ಸು ಹೇಗಿದೆ, ಎದೆ ಹೊಡೆದುಕೊಳ್ಳುತ್ತಿದೆಯಾ, ನೆಮ್ಮದಿಯಾಗಿದೆಯಾ ಅನ್ನುವುದು. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಬರೀ ಮಾತಿನಿಂದ ಹುಟ್ಟಿದ ಧೈರ್ಯ ಮುಂದಿನ ಸೋಲಿಗೇ ಕುಸಿಯುತ್ತದೆ. ನೀವು ಮೂರನೆಯ ದಾರಿ ಒಂದನ್ನೇ ಹಿಡಿದುಕೊಂಡು ಕೂತಿದ್ದೀರಿ.

ಇನ್ನೊಂದು ವಿಷಯ. ‘ಶಾಣ್ಯಾ’ ಅನ್ನೋ ಹೊಗಳಿಕೆ ಕೆಲವು ಸಲ ತಿರುಗಿ ಬೀಳುತ್ತದೆ. 1998ರಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಅಮೆರಿಕದ ಸಂಶೋಧಕಿಯರು ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಮೊದಲು ಸ್ವಲ್ಪ ಸುಲಭದ ಒಗಟು ಬಿಡಿಸಲು ಕೊಟ್ಟರು. ಕೆಲವರಿಗೆ ‘ನೀನು ಬಹಳ ಬುದ್ಧಿವಂತ’ ಅಂದರು, ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಪಟ್ಟೆ’ ಅಂದರು. ಆಮೇಲೆ ಎಲ್ಲರೂ ಸೋಲುವಂಥ ಕಷ್ಟದ ಒಗಟು ಕೊಟ್ಟರು. ಕೊನೆಗೆ ಮತ್ತೆ ಮೊದಲಿನಂಥದ್ದೇ ಸುಲಭದ್ದು. ಬುದ್ಧಿವಂತ ಅನಿಸಿಕೊಂಡವರು ಮೊದಲ ಸಲಕ್ಕಿಂತ ಕೆಟ್ಟದಾಗಿ ಮಾಡಿದರು. ಶ್ರಮದ ಮಾತು ಕೇಳಿದವರು ಸುಧಾರಿಸಿದ್ದರು. ನನಗೆ ಬೇಜಾರಾದದ್ದು ಇನ್ನೊಂದಕ್ಕೆ. ಬೇರೆ ಶಾಲೆಯ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸಿ ಅಂದಾಗ, ಬುದ್ಧಿವಂತ ಅನಿಸಿಕೊಂಡ ಗುಂಪಿನಲ್ಲಿ ನೂರಕ್ಕೆ 40ರ ಹತ್ತಿರ ಮಕ್ಕಳು ಅಂಕ ಏರಿಸಿ ಬರೆದರು. ಹೆಸರು ಉಳಿಸಿಕೊಳ್ಳಬೇಕಲ್ಲ! ಹಾಗಂತ ‘ಶ್ರಮಪಟ್ಟೆ’ ಅನ್ನೋದನ್ನೂ ಮಂತ್ರ ಮಾಡಿಕೊಳ್ಳಬೇಡಿ. ಈ ಜಾಡಿನಲ್ಲಿ ಆಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಸಿಕ್ಕ ಫಲ ಸಣ್ಣದೇ.

ಈಗ ಅಂಗಡಿಗೆ ಬರೋಣ. ನಿಮ್ಮ ಕಾಗದದಲ್ಲಿ ಚಿನ್ನದಂಥ ಸಾಲು ಅದು, ನೀವು ಕೊನೆಗೆ ತಂದು ಹಾಕಿದ್ದೀರಿ.

ಒಂಬತ್ತನೇ ಕ್ಲಾಸಿನ ಪುಸ್ತಕ ಸದ್ಯಕ್ಕೆ ಮುಚ್ಚಿಡಿ. ಅವನ ಕೈಗೆ ಹಳೇ ನೋಟ್‌ಬುಕ್ ಕೊಟ್ಟು ಹೀಗೆ ಕೇಳಿ: ‘ತೊಗರಿ ಕ್ವಿಂಟಲ್‌ಗೆ 7,000 ರೂಪಾಯಿ. ನಾವು 3 ಕ್ವಿಂಟಲ್ 40 ಕಿಲೋ ಗಂಜ್ ಮಾರುಕಟ್ಟೆಗೆ ಒಯ್ದೆವು. ಎಷ್ಟು ಬರಬೇಕು?’ ಅವನು 23,800 ಅನ್ನುತ್ತಾನೆ, ಬಹುಶಃ ಬರೆಯದೇ. ಹೇಗೆ ಬಂತು ಅಂತ ಬರೆಸಿ. ಅಲ್ಲಿ 3.4 ಅನ್ನೋ ದಶಾಂಶ ಬಂತು. ಆಮೇಲೆ, ‘ಅಡತಿ ಅಂಗಡಿಯವರು ಹಮಾಲಿ, ತೂಕ ಎಲ್ಲಾ ಹಿಡಿದುಕೊಂಡು 23,500 ಕೊಟ್ಟರು. ಎಷ್ಟು ಹಿಡಿದರು?’ 300 ಅನ್ನುತ್ತಾನೆ. ಗೊತ್ತಿಲ್ಲದ ಆ ಮುನ್ನೂರಕ್ಕೆ x ಅಂತ ಹೆಸರಿಡಿಸಿ: 23,800 – x = 23,500. ತಗೊಳ್ಳಿ, ಸಮೀಕರಣ. ನಿಮ್ಮ ಮಗ ದಿನಾ ಸಂಜೆ ಸಮೀಕರಣ ಬಿಡಿಸುತ್ತಿದ್ದಾನೆ. ಅವನಿಗೆ ಅದು ಗಣಿತ ಅಂತ ಯಾರೂ ಹೇಳಿಲ್ಲ.

ಪಾವು ಕಿಲೋ, ಅರ್ಧ ಕಿಲೋ, ಮುಕ್ಕಾಲು ಕಿಲೋದಿಂದ ಭಿನ್ನರಾಶಿ ಮಾಡಿಸಿ. ನನ್ನ ಅನುಭವದಲ್ಲಿ ಒಂಬತ್ತು, ಹತ್ತರಲ್ಲಿ ಲೆಕ್ಕ ಬಿಟ್ಟ ಮಕ್ಕಳಲ್ಲಿ ಬಹಳ ಮಂದಿ ಕೈ ಚೆಲ್ಲಿದ್ದು ಭಿನ್ನರಾಶಿಯ ಹತ್ತಿರವೇ. ಆರನೇ ಕ್ಲಾಸಿನ ಪುಸ್ತಕ ಹಿಡಿಯಲು ಅವನು ನಾಚಿಕೆಪಟ್ಟರೆ, ಓಣಿಯಲ್ಲಿ ಯಾರಾದರೂ ಸಣ್ಣ ಹುಡುಗನಿಗೆ ಹೇಳಿಕೊಡಲು ಕೂರಿಸಿ. ಅವನಿಗೆ ಹೇಳಿಕೊಡೋ ನೆಪದಲ್ಲಿ ಇವನು ಕಲಿಯುತ್ತಾನೆ, ಮರ್ಯಾದೆಯೂ ಉಳಿಯುತ್ತದೆ.

ಹೊಗಳುವುದಾದರೆ ಕಂಡದ್ದನ್ನು ಹೊಗಳಿ. ‘ನಿನ್ನೆ ಕಳೆಯೋ ಲೆಕ್ಕದಾಗ ಕಡ ತಗೊಳ್ಳೋದು ಮರ್ತಿದ್ದಿ, ಇವತ್ತ ನೀನೇ ಹುಡುಕಿ ತಿದ್ದಿದಿ.’ ಇಷ್ಟು ಸಾಕು. ಅದನ್ನು ಅವನು ಅಲ್ಲಗಳೆಯಲಾರ, ಕಣ್ಣ ಮುಂದೆ ಇರುತ್ತದೆ. ಕಾಕಾ, ಮುತ್ಯಾನ ಜೊತೆ ವಾದ ಬೇಡ. ಯುಗಾದಿಗೋ ಪಂಚಮಿಗೋ ಅಂಗಡಿಗೆ ಮಾಲು ತರುವಾಗ ಮುತ್ಯಾನ ಮುಂದೆಯೇ ಇವನ ಕೈಲಿ ಬಿಲ್ಲು ಕೂಡಿಸಿ. ಮುತ್ಯಾ ಬಾಯಿ ಬಿಟ್ಟು ಏನೂ ಅನ್ನದಿರಬಹುದು. ಹುಡುಗ ಮುತ್ಯಾನ ಮುಖ ನೋಡಿರುತ್ತಾನೆ.

ಪ್ರಶ್ನೆ: ನನ್ನದು ಟೂ ವೀಲರ್ ಗ್ಯಾರೇಜು. ಹುಡುಗರು ಕೆಲಸ ಕಲಿಯೋಕೆ ಬರುತ್ತಾರೆ. ನೀವು ಹುರಿದುಂಬಿಸಿ, ಹೊಗಳಿ ಅಂತೀರಿ. ನನ್ನ ಅನುಭವ ಉಲ್ಟಾ. ಇವತ್ತು ಶಹಬ್ಬಾಸ್ ಅಂದರೆ ನಾಳೆ ಕೆಲಸ ಕೆಡಿಸುತ್ತಾರೆ. ಇವತ್ತು ಬೈದರೆ ನಾಳೆ ಸರಿಯಾಗಿ ಮಾಡುತ್ತಾರೆ. ನಮ್ಮ ಉಸ್ತಾದರು ನಮ್ಮ ಮೇಲೆ ಪಾನಾ (ಸ್ಪ್ಯಾನರ್) ಎಸೆಯುತ್ತಿದ್ದರು. ನಾವು ಕಲಿಯಲಿಲ್ವಾ?
– ಗ್ಯಾರೇಜ್ ಮಾಲೀಕರು, ಕಲಬುರಗಿ

ಉತ್ತರ: ಉಸ್ತಾದರೇ, ನೀವು ಕಂಡದ್ದು ಸುಳ್ಳಲ್ಲ. ಅದಕ್ಕೆ ನೀವು ಹಚ್ಚಿದ ಕಾರಣ ತಪ್ಪು. ಇದೇ ಮಾತನ್ನು ಇಸ್ರೇಲಿನ ವಾಯುಪಡೆಯ ತರಬೇತುದಾರರೊಬ್ಬರು ಡೇನಿಯಲ್ ಕಾನೆಮನ್ ಅವರಿಗೆ ಹೇಳಿದ್ದರಂತೆ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರಲ್ಲ, ಅವರೇ. ಆಗ ಅವರು ಹೊಸ ಪೈಲಟ್‌ಗಳಿಗೆ ಕಲಿಸುವವರಿಗೆ ಪಾಠ ಮಾಡುತ್ತಿದ್ದರು. ‘ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಡಿಸಿದವನಿಗೆ ಬೈದರೆ ಸುಧಾರಿಸುತ್ತಾನೆ’ ಅಂತ ಆ ತರಬೇತುದಾರರ ದೂರು.

ಕಾನೆಮನ್ ನೆಲದ ಮೇಲೆ ಗುರುತು ಹಾಕಿ, ಎಲ್ಲರನ್ನೂ ಬೆನ್ನು ಮಾಡಿ ನಿಲ್ಲಿಸಿ, ನೋಡದೇ ಎರಡು ಸಲ ನಾಣ್ಯ ಎಸೆಯಲು ಹೇಳಿದರು. ನೀವೂ ಮಧ್ಯಾಹ್ನ ಗಿರಾಕಿ ಇಲ್ಲದಾಗ ವಾಶರ್ ಎಸೆಸಿ ನೋಡಿ. ಮೊದಲ ಸಲ ಗುರುತಿನ ತೀರ ಹತ್ತಿರ ಎಸೆದವರು ಎರಡನೇ ಸಲ ಬಹಳಮಟ್ಟಿಗೆ ದೂರ ಹೋಗುತ್ತಾರೆ. ದೂರ ಎಸೆದವರು ಹತ್ತಿರ ಬರುತ್ತಾರೆ. ಅಲ್ಲಿ ಯಾರೂ ಯಾರನ್ನೂ ಹೊಗಳಿಲ್ಲ, ಬೈದಿಲ್ಲ. ಕಲಿಯುವವನ ಕೈ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಬಹಳ ಚೆನ್ನಾಗಿ ಮಾಡಿದ ದಿನದ ಮರುದಿನ ಸಾಧಾರಣ ಇರುತ್ತದೆ. ತೀರಾ ಕೆಡಿಸಿದ ದಿನದ ಮರುದಿನವೂ ಸಾಧಾರಣವೇ. ನೀವು ಒಳ್ಳೇ ದಿನ ಹೊಗಳುತ್ತೀರಿ, ಕೆಟ್ಟ ದಿನ ಬೈಯುತ್ತೀರಿ. ಹಾಗಾಗಿ ಬೈಗುಳ ಕೆಲಸ ಮಾಡಿದ ಹಾಗೆ ಕಾಣುತ್ತದೆ.

ಪಾನಾ ಏಟಿನ ನಡುವೆ ಕಲಿತವರು ಇದ್ದಾರೆ, ನೀವೇ ಇದ್ದೀರಿ. ಓಡಿಹೋದವರು ಎಷ್ಟು ಮಂದಿ ಅಂತ ನಿಮ್ಮ ಉಸ್ತಾದರ ಹತ್ತಿರ ಲೆಕ್ಕ ಇರಲಿಕ್ಕಿಲ್ಲ.

ಹಾಗಂತ ಕೆಟ್ಟ ಕೆಲಸಕ್ಕೆ ಶಹಬ್ಬಾಸ್ ಅನ್ನಿ ಅಂತ ನಾನು ಎಲ್ಲೂ ಹೇಳಿಲ್ಲ. ತಪ್ಪು ತೋರಿಸಲೇಬೇಕು. ಹೇಗೆ ಅನ್ನುವುದಕ್ಕೆ ಒಂದು ಸಂಶೋಧನೆ ಹೇಳುತ್ತೇನೆ. ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮತ್ತಿತರರು 2014ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಏಳನೇ ಕ್ಲಾಸಿನ ಮಕ್ಕಳ ಪ್ರಬಂಧವನ್ನು ಶಿಕ್ಷಕರು ಚೆನ್ನಾಗಿ ತಿದ್ದಿದರು. ಆಮೇಲೆ ಕೆಲವು ಮಕ್ಕಳ ಹಾಳೆಗೆ ಒಂದು ಚೀಟಿ ಅಂಟಿಸಿದರು. ‘ನಿನ್ನಿಂದ ನನಗೆ ದೊಡ್ಡ ನಿರೀಕ್ಷೆ ಇದೆ, ನೀನು ಅಲ್ಲಿಗೆ ಮುಟ್ಟುತ್ತೀ ಅಂತ ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ’ ಅನ್ನೋ ಅರ್ಥದ ಚೀಟಿ. ಉಳಿದವರ ಚೀಟಿಯಲ್ಲಿ ಸುಮ್ನೆ ಇದು ತಿದ್ದುಪಡಿ ಅಂತ ಇತ್ತು. ಪ್ರಬಂಧವನ್ನು ಮತ್ತೆ ಬರೆಯುವುದು ಅವರವರ ಇಷ್ಟ. ಕಪ್ಪು ಜನಾಂಗದ ಮಕ್ಕಳಲ್ಲಿ ಸಾದಾ ಚೀಟಿ ಸಿಕ್ಕವರು ನೂರಕ್ಕೆ 17 ಮಂದಿ ತಿರುಗಿ ಬರೆದರು. ನಿರೀಕ್ಷೆಯ ಚೀಟಿ ಸಿಕ್ಕವರಲ್ಲಿ ಆ ಸಂಖ್ಯೆ 70 ದಾಟಿತು. ತಿದ್ದುಪಡಿ ಎರಡೂ ಕಡೆ ಒಂದೇ ಥರ ಕಟ್ಟುನಿಟ್ಟು.

ನಿಮ್ಮ ಭಾಷೆಯಲ್ಲಿ ಹೇಳುವುದಾದರೆ: ‘ಟ್ಯಾಪೆಟ್ ಸೆಟ್ಟಿಂಗ್ ಸರಿ ಆಗಿಲ್ಲ, ಬಿಚ್ಚು. ನಿನ್ಗ ಬರ್ತದಂತನೇ ಬಿಚ್ಚು ಅಂತಿದ್ದೀನಿ. ಬರಂಗಿಲ್ಲ ಅನಸಿದ್ರ ನಾನೇ ಮಾಡ್ತಿದ್ದೆ.’ ಹೇಳಿದ ಮೇಲೆ ಪಾನಾ ಅವನ ಕೈಯಲ್ಲೇ ಇರಲಿ. ಗಿರಾಕಿ ಅವಸರ ಮಾಡಿದರೆ ಚಾ ಕುಡಿಸಿ.

ಹುಡುಗರ ವಯಸ್ಸು ನೀವು ಬರೆದಿಲ್ಲ. 14 ತುಂಬಿಲ್ಲದಿದ್ದರೆ ಅವರ ಜಾಗ ಗ್ಯಾರೇಜಲ್ಲ, ಸಾಲಿ. ಕಾನೂನೂ ಅದನ್ನೇ ಹೇಳುತ್ತದೆ.

ಪ್ರಶ್ನೆ: ನಾನು ಮಂಡ್ಯ ಕಡೆಯವಳು. ಸುರಪುರ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಹೊಸದಾಗಿ ಬಂದಿದ್ದೇನೆ. ಬಂದ ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ‘ಮೇಡಂ, ಇಲ್ಲಿನ ಮಕ್ಕಳಿಂದ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ, ಪಾಸಾದರೆ ಗೆದ್ದಂಗೆ’ ಅಂದರು. ಯಾರು ಓದುತ್ತಾರೆ, ಯಾರು ಓದುವುದಿಲ್ಲ ಅಂತ ಪಟ್ಟಿಯನ್ನೂ ಕೊಟ್ಟರು. ಬಿ.ಎಡ್‌ನಲ್ಲಿ ‘ಶಿಕ್ಷಕರ ನಿರೀಕ್ಷೆಯಿಂದ ಮಕ್ಕಳ ಬುದ್ಧಿ ಏರುತ್ತದೆ’ ಅಂತ ಓದಿದ್ದೆ. ಅದು ನಿಜವಾ, ಬರೀ ಪುಸ್ತಕದ ಮಾತಾ?
– ಹೊಸ ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ: ಅಕ್ಕೋರೆ, ಈ ಕಡೆ ಬಂದದ್ದಕ್ಕೆ ಮೊದಲು ಸಂತೋಷ. ಇನ್ನು ಮುಂದೆ ನಿಮ್ಮನ್ನು ಎಲ್ಲರೂ ಹೀಗೇ ಕರೆಯೋದು, ರೂಢಿ ಮಾಡಿಕೊಳ್ಳಿ.

ನೀವು ಓದಿದ್ದು ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ ಅವರ ಪ್ರಯೋಗ. ಜೇಕಬ್‌ಸನ್ ಕ್ಯಾಲಿಫೋರ್ನಿಯಾದ ಒಂದು ಪ್ರೈಮರಿ ಶಾಲೆಯ ಮುಖ್ಯೋಪಾಧ್ಯಾಯಿನಿ. 1960ರ ದಶಕದ ಮಧ್ಯದಲ್ಲಿ ಆ ಶಾಲೆಯ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟರು. ‘ಈ ಮಕ್ಕಳು ಈ ವರ್ಷ ಚಿಗುರುತ್ತಾರೆ ಅಂತ ಪರೀಕ್ಷೆ ಹೇಳುತ್ತಿದೆ’ ಎಂದು ಶಿಕ್ಷಕರಿಗೆ ಕೆಲವು ಹೆಸರು ಕೊಟ್ಟರು. ನಿಜ ಏನೆಂದರೆ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು, ಐವರಲ್ಲಿ ಒಬ್ಬರಂತೆ. ವರ್ಷದ ಕೊನೆಗೆ ಅಳೆದರೆ ಆ ಮಕ್ಕಳ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ಜಾಸ್ತಿ ಏರಿತ್ತು. 1968ರಲ್ಲಿ ಪುಸ್ತಕ ಬಂತು, ಲೋಕವೆಲ್ಲ ಸುದ್ದಿಯಾಯಿತು.

ಬಿ.ಎಡ್ ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ. ಮುಂದಿನದ್ದು ಹೇಳುವುದಿಲ್ಲ. ಆ ಏರಿಕೆ ಕಂಡದ್ದು ಮುಖ್ಯವಾಗಿ ಒಂದು ಮತ್ತು ಎರಡನೇ ಕ್ಲಾಸಿನಲ್ಲಿ. ಮೇಲಿನ ಕ್ಲಾಸುಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಅಳತೆಯೇ ಸರಿಯಿಲ್ಲ ಅಂತ ಬೇರೆ ತಜ್ಞರು ಆಗಲೇ ಹರಿಹಾಯ್ದರು. ಆಮೇಲೆ ಅಂಥ ಎಷ್ಟೋ ಪ್ರಯೋಗಗಳಾದವು. 1984ರಲ್ಲಿ ಸ್ಟೀಫನ್ ರೌಡೆನ್‌ಬುಶ್ ಎಲ್ಲವನ್ನೂ ಕೂಡಿಸಿ ನೋಡಿದರು. ಶಿಕ್ಷಕರಿಗೆ ಮಕ್ಕಳ ಪರಿಚಯವಾಗಿ ಎರಡು ವಾರ ದಾಟಿದ್ದರೆ, ಹೊರಗಿನಿಂದ ಬಂದು ‘ಇವನು ಚಿಗುರುತ್ತಾನೆ’ ಅಂದರೂ ಏನೂ ಆಗುವುದಿಲ್ಲ. ಅಷ್ಟರಲ್ಲಿ ಅವರು ತಮ್ಮದೇ ತೀರ್ಮಾನಕ್ಕೆ ಬಂದಿರುತ್ತಾರೆ. ಪರಿಚಯ ಆಗದವರಲ್ಲಿ ಮಾತ್ರ ಪರಿಣಾಮ ಕಂಡಿತು.

ನಿಮಗೆ ಇದರಲ್ಲಿ ಬಹಳ ಉಪಯೋಗ ಇದೆ. ನೀವು ಹೊಸಬರು. ನಿಮ್ಮ ಆ ಎರಡು ವಾರ ಇನ್ನೂ ಮುಗಿದಿರಲಿಕ್ಕಿಲ್ಲ. ಸ್ಟಾಫ್ ರೂಮಿನ ಪಟ್ಟಿಯನ್ನು ತಗೊಳ್ಳಿ, ಥ್ಯಾಂಕ್ಸ್ ಹೇಳಿ, ಬ್ಯಾಗಿನಲ್ಲಿಡಿ. ದಸರಾ ರಜೆ ಮುಗಿಯೋವರೆಗೆ ತೆಗೆಯಬೇಡಿ. ಅಷ್ಟರಲ್ಲಿ ಪ್ರತಿ ಮಗುವಿನ ನೋಟ್‌ಬುಕ್ಕನ್ನು ನೀವೇ ನೋಡಿರುತ್ತೀರಿ.

ನಿರೀಕ್ಷೆ ಶಿಕ್ಷಕರ ತಲೆಯಿಂದ ಮಗುವಿನ ತಲೆಗೆ ಗಾಳಿಯಲ್ಲಿ ಹಾರಿ ಹೋಗುವುದಿಲ್ಲವಲ್ಲ. ಅದು ಕಾಣೋದು ನಡತೆಯಲ್ಲಿ. ರೋಸೆಂತಾಲ್ ಅವರೇ ಮುಂದೆ ಇದನ್ನು ಬಿಡಿಸಿ ಹೇಳಿದರು: ಓದುತ್ತಾನೆ ಅಂದುಕೊಂಡ ಮಗುವಿನ ಜೊತೆ ಶಿಕ್ಷಕರ ಮುಖ ಸಡಿಲ ಇರುತ್ತದೆ, ಅವನಿಗೆ ಜಾಸ್ತಿ ಮತ್ತು ಕಷ್ಟದ್ದನ್ನು ಕಲಿಸುತ್ತಾರೆ, ಉತ್ತರ ಹೇಳಲು ಅವಕಾಶ ಕೊಡುತ್ತಾರೆ, ಎಲ್ಲಿ ತಪ್ಪಿದೆ ಅಂತ ವಿವರವಾಗಿ ಹೇಳುತ್ತಾರೆ. ಓದಲ್ಲ ಅಂದುಕೊಂಡವನಿಗೆ ‘ಸರಿ ಕೂಡು’ ಅಂತಾರೆ. ಮೇರಿ ಬಡ್ ರೋ ಎಂಬಾಕೆ 1970ರ ದಶಕದಲ್ಲಿ ಕ್ಲಾಸುಗಳಲ್ಲಿ ಟೇಪ್ ಹಾಕಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡ್! ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮೂರು ಸೆಕೆಂಡು. ಸರ್ಕಾರದ ಯಾವ ಅನುದಾನವೂ ಬೇಡ ಅದಕ್ಕೆ.

ನಿಮ್ಮ ಸುರಪುರದಲ್ಲಿ ಕಾಯಲು ಇನ್ನೊಂದು ಕಾರಣ ಇದೆ. ತಾಂಡಾದಿಂದ ಬರುವ ಮಕ್ಕಳಿಗೆ ಮನೆಯ ಮಾತು ಲಂಬಾಣಿ. ನಿಮ್ಮ ಪ್ರಶ್ನೆಯನ್ನು ಒಳಗೇ ತಿರುಗಿಸಿಕೊಂಡು, ಉತ್ತರವನ್ನು ಮತ್ತೆ ಕನ್ನಡಕ್ಕೆ ತರಬೇಕು. ಅದರ ಮೇಲೆ ನಿಮ್ಮ ಮಂಡ್ಯದ ಕನ್ನಡ. ‘ಬರ್ತದ್ರಿ, ಮಾಡೀನ್ರಿ’ ಅಂದರೆ ದಯವಿಟ್ಟು ನಗಬೇಡಿ. ಒಮ್ಮೆ ನಕ್ಕರೆ ಆ ಮಗು ಪರೀಕ್ಷೆವರೆಗೆ ಬಾಯಿ ತೆರೆಯುವುದಿಲ್ಲ.

ಇನ್ನೊಂದು ಕಡಕ್ ಮಾತು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ಕ್ಲಾಸಿನ ಹುಡುಗರಿಗೆ ದಾರಿ ಹುಡುಕುವ ಒಗಟು ಕೊಟ್ಟರು, ಗೆದ್ದಷ್ಟಕ್ಕೆ ದುಡ್ಡು. ಜಾತಿಯ ಸುದ್ದಿ ಎತ್ತದಿದ್ದಾಗ ಮೇಲ್ಜಾತಿ, ಕೆಳಜಾತಿ ಅಂತ ಕರೆಸಿಕೊಂಡ ಹುಡುಗರೆಲ್ಲ ಹೆಚ್ಚುಕಮ್ಮಿ ಒಂದೇ ಥರ ಬಿಡಿಸಿದರು. ಎಲ್ಲರೆದುರು ಹೆಸರಿನ ಜೊತೆ ಜಾತಿಯನ್ನೂ ಓದಿದಾಗ ಕೆಳಜಾತಿಯ ಹುಡುಗರ ಅಂಕ ಇಳಿಯಿತು. ಅದೇ ಹುಡುಗರು, ಅದೇ ಒಗಟು. ನಮ್ಮ ಶಾಲೆಗಳಲ್ಲಿ ಸ್ಕಾಲರ್‌ಶಿಪ್ ಫಾರ್ಮ್ ಬಂದಾಗ ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ರಿ’ ಅಂತ ಕೂಗುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಗಣಿತದ ಪೀರಿಯಡ್ಡಿಗೆ ಐದು ನಿಮಿಷ ಮೊದಲು! ಯಾರೂ ಕೆಟ್ಟ ಉದ್ದೇಶದಿಂದ ಮಾಡುವುದಲ್ಲ, ಕೆಲಸ ಬೇಗ ಮುಗಿಯಲಿ ಅಂತ. ನೀವು ಮಾತ್ರ ಒಬ್ಬೊಬ್ಬರನ್ನೇ ಕರೆದು ಫಾರ್ಮ್ ಕೊಡಿ.

ಈಗ ‘ಪಾಸಾದರೆ ಗೆದ್ದಂಗೆ’ ಅಂದವರ ಬಗ್ಗೆ. ಅವರು ಕೆಟ್ಟವರಲ್ಲ, ಸುಸ್ತಾದವರು. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಯಾದಗಿರಿ ಜಿಲ್ಲೆಗೆ ಕೊನೆಯ ಸ್ಥಾನ, ಪಾಸಾದವರು ನೂರಕ್ಕೆ 50.59. 2025ರ ಮೊದಲ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಕೊನೆ, 42.43. ಹೆಚ್ಚಿನ ವರ್ಷ ಫಲಿತಾಂಶ ಬಂದಾಗ ಟಿವಿಯವರು ಮೊದಲು ಕರಾವಳಿಯ ಹೆಸರು, ಕೊನೆಗೆ ನಮ್ಮ ಹೆಸರು ಓದುತ್ತಾರೆ. ನಂಜುಂಡಪ್ಪ ವರದಿ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟದ್ದು 2002ರಲ್ಲಿ. ಅದರ ಮೇಲೆ ದುಡ್ಡು ಬಂತು, ನಮ್ಮ ಭಾಗದವರಿಗೆ ನೌಕರಿ, ಕಾಲೇಜಿನಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ಬಂತು, ಒಳ್ಳೆಯದೇ ಆಯಿತು. ಆದರೆ ‘ಹಿಂದುಳಿದ’ ಅನ್ನೋ ಪದ ಕೇಳುತ್ತಲೇ ಒಂದು ತಲೆಮಾರು ಹುಟ್ಟಿ ಬೆಳೆದು ಹತ್ತನೇ ಕ್ಲಾಸು ಬರೆದಿದೆ.

ಹಾಗಂತ ಈ ಫಲಿತಾಂಶ ಬರೀ ನಂಬಿಕೆ ಇಲ್ಲದ್ದರಿಂದ ಬಂತು ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ವರ್ಷಗಟ್ಟಲೆ ಖಾಲಿ ಇರುವ ಹುದ್ದೆ ಇದೆ. ದೀಪಾವಳಿ ಆದ ಮೇಲೆ ಹತ್ತಿ ಬಿಡಿಸಲು ಹೋಗುವ ಮಕ್ಕಳಿದ್ದಾರೆ. ಅಪ್ಪ ಅವ್ವನ ಜೊತೆ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗಿ ಫೆಬ್ರುವರಿಯಲ್ಲಿ ತಿರುಗಿ ಬರುವವರಿದ್ದಾರೆ. ಗಣಿತದ ಮಾಸ್ತರೇ ಇಲ್ಲದ ಕ್ಲಾಸಿನ ಮುಂದೆ ನಿಂತು ‘ನೀವು ಮನಸ್ಸು ಮಾಡಿದರೆ ಏನು ಬೇಕಾದರೂ ಸಾಧಿಸಬಹುದು’ ಅಂತ ಭಾಷಣ ಮಾಡುವುದು ಮಕ್ಕಳಿಗೆ ಮಾಡುವ ಅವಮಾನ.

ಒಟ್ಟಾರೆ ನೋಡಿದರೆ ಶಿಕ್ಷಕರ ನಿರೀಕ್ಷೆಯ ಪರಿಣಾಮ ಸಣ್ಣದು. ಲೀ ಜಸ್ಸಿಮ್ ಮತ್ತು ಕೆಂಟ್ ಹಾರ್ಬರ್ 2005ರಲ್ಲಿ ಹಳೆಯ ಸಂಶೋಧನೆಯನ್ನೆಲ್ಲ ಜಾಲಾಡಿ ಹೇಳಿದ್ದು ಇದು. ಆದರೆ ಅವರೇ ಇನ್ನೊಂದನ್ನೂ ಹೇಳಿದರು. ಸಮಾಜ ಮೊದಲೇ ಕೀಳಾಗಿ ಕಂಡ ಮಕ್ಕಳ ಮೇಲೆ ಅದು ಜಾಸ್ತಿ ಇರಬಹುದು. ಬೆಂಗಳೂರಿನ ಮಗುವಿಗೆ ನೀವೊಬ್ಬರು ನಂಬದಿದ್ದರೆ ನಂಬಲು ಟ್ಯೂಷನ್ನಿನವರು, ಮಾವ, ಅತ್ತೆ ಇರುತ್ತಾರೆ. ನಿಮ್ಮ ಮುಂದೆ ಕೂತವಳಿಗೆ ಕೆಲವು ಸಲ ನೀವೊಬ್ಬರೇ.

‘ಪಾಸಿಂಗ್ ಪ್ಯಾಕೇಜ್’ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳಿಬಿಡುತ್ತೇನೆ. ಪಾಸಾಗಲು ಬೇಕಾದಷ್ಟೇ ಪ್ರಶ್ನೆಗಳನ್ನು ಕಟ್ಟುಕಟ್ಟಿ ಕೊಡುವುದು. ಫೆಬ್ರುವರಿಯಲ್ಲಿ, ನಿಜಕ್ಕೂ ಹಿಂದೆ ಬಿದ್ದ ಮಗುವಿಗೆ ಅದನ್ನು ಕೊಡಿ, ಬೇಡ ಅನ್ನಲ್ಲ. ಫೇಲಾದರೆ ಆ ಹುಡುಗಿಗೆ ಮದುವೆ ಮಾಡಿಬಿಡುತ್ತಾರೆ, ನನಗೂ ಗೊತ್ತು. ಜೂನ್‌ನಲ್ಲೇ ಕೊಟ್ಟರೆ ಮಾತ್ರ ಮಗುವಿಗೆ ಅರ್ಥವಾಗಿಬಿಡುತ್ತದೆ, ನಮ್ಮ ಅಕ್ಕೋರು ನನ್ನನ್ನು ಬರೀ ಪಾಸಿಗೆ ಬರೆದಿಟ್ಟಿದ್ದಾರೆ ಅಂತ. ಜೂನ್‌ನಲ್ಲಿ ಪ್ರಮೇಯವನ್ನೂ ಕಲಿಸಿ, ರಚನೆಯನ್ನೂ ಕಲಿಸಿ. ಅರ್ಧ ಮಂದಿಗೆ ಅರ್ಧ ಅರ್ಥವಾದರೂ ಅದು ಅವರದ್ದು.

ಪ್ರಶ್ನೆ: ಸಿಮೆಂಟ್ ಫ್ಯಾಕ್ಟರಿಯಿಂದ ರಿಟೈರ್ ಆಗಿದ್ದೇನೆ. ಮೊಬೈಲಿನಲ್ಲಿ ದುಡ್ಡು ಕಳಿಸೋದು ಕಲಿಯಬೇಕು. ಮಗ ‘ಅದೆಲ್ಲ ನಿಮ್ಗ ಬರಂಗಿಲ್ಲ ಬಿಡಪ್ಪಾ’ ಅಂತ ಫೋನ್ ಕಸಿದುಕೊಂಡು ತಾನೇ ಮಾಡುತ್ತಾನೆ. ಈ ವಯಸ್ಸಿನಲ್ಲಿ ಬರುತ್ತದಾ?
– ಒಬ್ಬ ಓದುಗರು, ಸೇಡಂ

ಉತ್ತರ: ಬರುತ್ತದೆ ಅಣ್ಣಾವರೆ. ಮಗನನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ, ಕೈ ಕಟ್ಟಿಕೊಂಡು ಕೂರಲು ಹೇಳಿ. ಬಾಯಿಂದ ಮಾತ್ರ ಹೇಳಬೇಕು, ಬೆರಳು ಮುಟ್ಟಿಸಬಾರದು. ಅವನಿಗೇ ಒಂದು ರೂಪಾಯಿ ಕಳಿಸಿ. ತಪ್ಪಿದರೆ ಹೋಗೋದು ಒಂದು ರೂಪಾಯಿ, ಅದೂ ಮನೆಯಲ್ಲೇ ಉಳಿಯುತ್ತದೆ. ಮರುದಿನ ಓಣಿಯ ಚಾದಂಗಡಿಯಲ್ಲಿ ಒಬ್ಬರೇ ಮಾಡಿ. ಹಂತಗಳನ್ನು ಒಂದು ಕಾಗದದ ಮೇಲೆ ನಿಮ್ಮದೇ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಪಿನ್ ನಂಬರ್ ಮಾತ್ರ ಎಲ್ಲೂ ಬರೆಯಬೇಡಿ, ಫೋನ್ ಮಾಡಿ ಕೇಳಿದವರಿಗಂತೂ ಹೇಳಲೇಬೇಡಿ. ದುಡ್ಡು ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ, ಇದು ನೆನಪಿರಲಿ. ಫ್ಯಾಕ್ಟರಿಯ ಅಷ್ಟು ದೊಡ್ಡ ಮಿಷಿನ್ ನೋಡಿಕೊಂಡವರು ನೀವು!

ಪ್ರಶ್ನೆ: ನನಗೆ 26 ವರ್ಷ. ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುತ್ತಲೇ ಇದ್ದೇನೆ. ನಿಮ್ಮ ಓದುಗರಿಗೆ ಮನೆಯವರು ನಂಬಲ್ಲ ಅನ್ನೋ ಕೊರಗು. ನನಗೆ ಅವರು ನಂಬುವುದೇ ಕಷ್ಟವಾಗಿದೆ. ಅಪ್ಪ ಊರಿಗೆಲ್ಲ ‘ನನ್ನ ಮಗಳು ಆಫೀಸರ್ ಆಗ್ತಾಳ’ ಅಂತ ಹೇಳಿಕೊಂಡು ತಿರುಗುತ್ತಾರೆ. ಹೊಲದ ಮೇಲೆ ಸಾಲ ಮಾಡಿ ಕೋಚಿಂಗ್‌ಗೆ ಕಳಿಸಿದ್ದಾರೆ. ಪ್ರತಿ ಸಲ ಸ್ವಲ್ಪದರಲ್ಲಿ ತಪ್ಪುತ್ತದೆ. ‘ಮುಂದಿನ ಸಲ ಆಗೇ ಆಗ್ತದ’ ಅಂತ ನಗುತ್ತಾರೆ. ಆ ನಗು ನೋಡಲಾಗುವುದಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ.
– ಒಬ್ಬ ಓದುಗಳು, ಭಾಲ್ಕಿ

ಉತ್ತರ: ಮಗಳೇ, ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಪ್ಪ ಒಳ್ಳೆಯವರು ಅನ್ನುವುದೇ ನಿನ್ನ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಮಾಡಬಹುದಿತ್ತು.

ನೀನು ಒಬ್ಬಳೇ ಅಲ್ಲ. ಕೌ ಮುರಾಯಾಮ ಮತ್ತಿತರರು ಜರ್ಮನಿಯ ಬವೇರಿಯಾ ಪ್ರಾಂತ್ಯದ ಸುಮಾರು 3,500 ಮಕ್ಕಳನ್ನೂ ಅವರ ಪೋಷಕರನ್ನೂ ಐದು ವರ್ಷ ಗಮನಿಸಿ, 2015-16ರ ಸುಮಾರಿಗೆ ಪ್ರಕಟಿಸಿದರು. ಮಗು ಗಣಿತದಲ್ಲಿ ಇಷ್ಟು ಅಂಕ ತರಲಿ ಅನ್ನೋ ಆಸೆಯನ್ನೂ, ನಿಜಕ್ಕೂ ಎಷ್ಟು ತರಬಹುದು ಅನ್ನೋ ಅಂದಾಜನ್ನೂ ಬೇರೆ ಬೇರೆ ಕೇಳಿದ್ದರು. ಪೋಷಕರ ಆಸೆ ದೊಡ್ಡದಿದ್ದರೆ ಮಕ್ಕಳಿಗೆ ಒಳ್ಳೆಯದೇ ಆಗಿತ್ತು. ಆದರೆ ಆಸೆ ಅಂದಾಜನ್ನು ಬಹಳ ಮೀರಿ ಹೋದ ಕಡೆ ಮಕ್ಕಳ ಅಂಕ ಇಳಿದಿತ್ತು.

ಅಪ್ಪನಿಗೆ ಅಂದಾಜಿಲ್ಲ, ಯಾಕೆಂದರೆ ನೀನು ಕೊಟ್ಟಿಲ್ಲ. ಅವರಿಗೆ ಗೊತ್ತಿರೋದು ‘ಆಗ್ತದ’, ‘ಆಗಲಿಲ್ಲ’ ಎರಡೇ. ಒಂದು ಭಾನುವಾರ ಕೂತು ತೋರಿಸು. ಒಟ್ಟು ಎಷ್ಟು ಹುದ್ದೆ, ಎಷ್ಟು ಮಂದಿ ಅರ್ಜಿ, ನಮ್ಮ ಭಾಗಕ್ಕೆ 371ಜೆಯಲ್ಲಿ ಎಷ್ಟು, ಕಟ್ ಆಫ್ ಎಷ್ಟಿತ್ತು, ನಿನ್ನದು ಎಷ್ಟು ಬಂತು, ಯಾವ ಪೇಪರಿನಲ್ಲಿ ಹೋಯಿತು. ಪರೀಕ್ಷೆಗಳು ಮುಂದಕ್ಕೆ ಹೋಗುವುದು, ರದ್ದಾಗುವುದು ನಿನ್ನ ಕೈಯಲ್ಲಿಲ್ಲ ಅಂತಲೂ ಹೇಳು. ಹೊಲ ಮಾಡುವವರು ಅವರು. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜದ ತಪ್ಪಲ್ಲ ಅನ್ನೋದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಆಮೇಲೆ ಒಂದು ಗಡುವು ಇಡು. ಇನ್ನು ಎಷ್ಟು ಸಲ ಬರೆಯುತ್ತೀ, ಅದರ ನಂತರ ಏನು. ಗಡುವು ಹಾಕಿದರೆ ಸೋಲೊಪ್ಪಿದ ಹಾಗೆ ಅಂತ ಕೋಚಿಂಗ್‌ನವರು ಹೇಳಬಹುದು. ಅವರಿಗೆ ಫೀಸು ಬರುತ್ತದೆ, ಬಿಡು. ಅಷ್ಟರೊಳಗೆ ಸಣ್ಣ ಸಂಬಳದ ಕೆಲಸ ಸಿಕ್ಕರೆ ಹಿಡಿ. ತಿಂಗಳಿಗೆ ಸ್ವಲ್ಪ ದುಡ್ಡು ಕೈಗೆ ಬಂದರೆ ನಿನ್ನ ಬೆನ್ನು ನೆಟ್ಟಗಾಗುತ್ತದೆ. ಮೇಲೆ ಜೇವರ್ಗಿಯ ತಾಯಿಗೆ ಹೇಳಿದೆನಲ್ಲ, ತಾನೇ ಮಾಡಿ ಗೆದ್ದದ್ದು ಎಲ್ಲಕ್ಕಿಂತ ಗಟ್ಟಿ ಅಂತ. ನೀನು ಗೆದ್ದು ಬಹಳ ದಿನ ಆಯಿತು. ಯಾವುದಾದರೂ ಒಂದರಲ್ಲಿ ಗೆಲ್ಲಬೇಕು, ಅದು ಪಿಡಿಒ ಆಗಿರಬೇಕು ಅಂತ ಇಲ್ಲ.

ನಿದ್ದೆಯ ವಿಷಯ ಹಗುರವಾಗಿ ತಗೋಬೇಡ. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಕಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯದ ವಿಭಾಗ ಇರುತ್ತದೆ.

ಅಪ್ಪನಿಗೆ ಒಂದು ಮಾತು ನಾನೇ ಹೇಳುತ್ತೇನೆ, ಈ ಪುಟ ತೋರಿಸು. ಯಜಮಾನರೇ, ಮಗಳ ಮೇಲೆ ನಂಬಿಕೆ ಇಡಿ, ಊರಿಗೆ ಹೇಳುವುದನ್ನು ಮಾತ್ರ ನಿಲ್ಲಿಸಿ. ಸಂಜೆ ‘ಈ ಸಲ ಆಗ್ತದಲ್ಲ?’ ಅಂತ ಕೇಳುವ ಬದಲು ‘ಇವತ್ತ ಏನ್ ಓದಿದಿ?’ ಅಂತ ಕೇಳಿ, ಅವಳು ಪಂಚಾಯಿತಿ ಕಾಯಿದೆಯ ಬಗ್ಗೆ ಹೇಳಿದರೆ ನಿಮ್ಮ ಊರಿನ ಗ್ರಾಮಸಭೆಯಲ್ಲಿ ಹೋದ ಸಲ ಏನಾಯಿತು ಅಂತ ನೀವು ಹೇಳಿ. ಪುಸ್ತಕದಲ್ಲಿ ಇಲ್ಲದ್ದು ಅವಳಿಗೆ ಅಲ್ಲಿ ಸಿಗುತ್ತದೆ.